ಕೆಂಪು ಧೂಳಿನ ಏರು: ನೂರು ಸೈಕಲ್, ನಾಲ್ಕು ದಿನ, ಬಳ್ಳಾರಿಯಿಂದ ಕೊಪ್ಪಳಕ್ಕೆ

ಸಂಡೂರಿನ ಗುಡ್ಡಗಳನ್ನು ನೀಲಗಿರಿಗೆ ಹೋಲಿಸಿ ಹಗುರ ಮಾಡುವವರು ಬಹಳ. ಎತ್ತರದ ಲೆಕ್ಕದಲ್ಲಿ ಅದು ನಿಜವೂ ಹೌದು. ಊಟಿ 2,240 ಮೀಟರ್ ಮೇಲಿದೆ, ಸಂಡೂರು ಸಾಲಿನ ನೆತ್ತಿ ಸುಮಾರು 1,000 ಮೀಟರ್. ಆದರೆ ಮಸಿನಗುಡಿಯಿಂದ ಊಟಿಗೆ ಕಲ್ಲಹಟ್ಟಿಯ 36 ತಿರುವು ಹತ್ತುವ ಸೈಕಲ್ಲಿಗೆ ಕಬ್ಬಿಣದ ಅದಿರಿನ ಧೂಳಿನ ಕಾಟ ಇರುವುದಿಲ್ಲ. ಸಂಡೂರಿನಲ್ಲಿ ಏರಿಗಿಂತ ಮೊದಲು ಈ ಧೂಳಿಗೆ ತಯಾರಾಗಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯ ಹವ್ಯಾಸಿಗಳು ನೂರರ ಆಸುಪಾಸು ಸೇರಿ ಸೆಪ್ಟೆಂಬರ್ ಕೊನೆಯಲ್ಲಿ ಮಾಡಿದ ಈ ಸವಾರಿಯಲ್ಲಿ ನಿಂತುಹೋದ ಸೈಕಲ್‌ಗಳ ಪೈಕಿ ಹೆಚ್ಚಿನವು ಕೈಕೊಟ್ಟದ್ದು ಚೈನು, ಬ್ರೇಕು, ಟೈರುಗಳಲ್ಲಿ. ಕಾಲು ಸೋತು ನಿಂತವರು ಕಡಿಮೆ.

ಹಿಂದಿನ ಸಂಜೆ ಬಳ್ಳಾರಿಯ ಕೋಟೆ ಗುಡ್ಡ ಕಾಣುವ ಒಂದು ಮೈದಾನದಲ್ಲಿ ಸೈಕಲ್ ತಪಾಸಣೆ. ಮೇಜಿನ ಮೇಲೆ ಒಂದು ಉಕ್ಕಿನ ಅಡಿಪಟ್ಟಿ ಇಟ್ಟಿದ್ದರು. ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಹಿಡಿದು ಅಳೆದರೆ ಹೊಸ ಚೈನಿನಲ್ಲಿ 12 ಅಂಗುಲಕ್ಕೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರಬೇಕು. ಅದು ಒಂದು ಅಂಗುಲದ ಹದಿನಾರನೇ ಒಂದು ಭಾಗ ಆಚೆ ಸರಿದಿದ್ದರೆ ಚೈನು ಅರ್ಧ ಶೇಕಡಾ ಸವೆದಿದೆ ಎಂದರ್ಥ, ಬದಲಿಸಬೇಕು. ಎಂಟನೇ ಒಂದು ಭಾಗ ಸರಿದಿದ್ದರೆ ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್ ಕೂಡ ಸವೆದುಹೋಗಿರುತ್ತದೆ. ಅದಕ್ಕೆ ಹೊಸ ಚೈನು ಹಾಕಿದರೆ ಏರಿನಲ್ಲಿ ಒತ್ತಿ ತುಳಿದಾಗ ಚೈನು ಹಲ್ಲಿನಿಂದ ಹಲ್ಲಿಗೆ ಜಾರುತ್ತದೆ. ಆ ಸಂಜೆ ಹನ್ನೊಂದು ಚೈನು ಬದಲಾದವು. ಬದಲಿಸದೆ ಹೊರಟವರಲ್ಲಿ ಒಬ್ಬರ ಚೈನು ಮೂರನೇ ದಿನ ತುಂಡಾಯಿತು. ಅದು ಮುಂದೆ ಬರುತ್ತದೆ.

ಮೊದಲ ದಿನ: ಬಳ್ಳಾರಿ, ಕುಡಿತಿನಿ, ತೋರಣಗಲ್ಲು, ಸಂಡೂರು

ಬೆಳಿಗ್ಗೆ ಐದೂವರೆಗೆ ಹೊರಟಾಗ ತಂಪಿತ್ತು. ಹೊಸಪೇಟೆ ಕಡೆಯ ಹೆದ್ದಾರಿ ಪಶ್ಚಿಮಕ್ಕೆ ಓಡುತ್ತದೆ, ಮುಂಗಾರಿನ ಗಾಳಿ ಪಶ್ಚಿಮದಿಂದಲೇ ಬೀಸುತ್ತದೆ. ಹಾಗಾಗಿ ಮೊದಲ ಮೂವತ್ತು ಕಿಲೋಮೀಟರ್ ಚಪ್ಪಟೆ ನೆಲವಾದರೂ ಎದುರುಗಾಳಿಯೇ ಒಂದು ಏರು. ಇಲ್ಲಿ ಒಬ್ಬೊಬ್ಬರೇ ಗುದ್ದಾಡುವುದಕ್ಕಿಂತ ಹಿಂದೆ ಹಿಂದೆ ಹೋಗುವುದು ಲಾಭ. ಮುಂದಿನವರ ಹಿಂದಿನ ಗಾಲಿಗೂ ನಿಮ್ಮ ಮುಂದಿನ ಗಾಲಿಗೂ ಅರ್ಧ ಮೀಟರ್ ಅಂತರ ಸಿಕ್ಕರೆ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಹೊಸಬರು ಒಂದು ಮೀಟರ್ ಬಿಟ್ಟುಕೊಂಡರೂ ಲಾಭವಿದೆ. ಕಣ್ಣು ಮಾತ್ರ ಮುಂದಿನ ಗಾಲಿಯ ಮೇಲೆ ನೆಡಬಾರದು, ಅವರ ಹೆಗಲ ಮೇಲಿಂದ ರಸ್ತೆ ನೋಡಬೇಕು. ಮುಂದಿನವರು ಎರಡು ಮೂರು ನಿಮಿಷ ಗಾಳಿ ತಡೆದು, ಮೊಣಕೈ ಅಲ್ಲಾಡಿಸಿ ಪಕ್ಕಕ್ಕೆ ಸರಿದು ಸಾಲಿನ ಹಿಂದಕ್ಕೆ ಬರುತ್ತಾರೆ. ಆಗ ಹೊಸದಾಗಿ ಮುಂದೆ ಬಂದವರು ಹುರುಪಿಗೆ ಜೋರು ತುಳಿದರೆ ಸಾಲು ಹರಿದುಹೋಗುತ್ತದೆ. ಈ ಒಂದು ತಪ್ಪು ಕುಡಿತಿನಿ ತಲುಪುವಷ್ಟರಲ್ಲಿ ಮೂರು ಗುಂಪುಗಳಲ್ಲಿ ಆಯಿತು.

ನೂರು ಜನ ಒಂದೇ ಸಾಲಾಗಿ ಹೋಗುವಂತಿಲ್ಲ. ಎಂಟು ಹತ್ತು ಮಂದಿಯ ಗುಂಪು, ಗುಂಪು ಗುಂಪಿನ ನಡುವೆ ಕನಿಷ್ಠ ನೂರು ಮೀಟರ್. ಲಾರಿ ಒಂದು ಗುಂಪನ್ನು ದಾಟಿ ಒಳಗೆ ಸರಿಯಲು ಆ ಜಾಗ ಬೇಕೇ ಬೇಕು. ಸಾಲಿನ ಕೊನೆಯವರು "ಹಿಂದ ಗಾಡಿ!" ಎಂದು ಕೂಗಬೇಕು, ಮುಂದಿನವರು "ಕುಣಿ!" ಎಂದು ಗುಂಡಿ ತೋರಿಸಬೇಕು. ಕೈಸನ್ನೆ ಚಂದ, ಆದರೆ ಬ್ರೇಕ್ ಹಿಡಿಯಬೇಕಾದ ಹೊತ್ತಿಗೆ ಕೈ ಹ್ಯಾಂಡಲ್ ಮೇಲಿರಬೇಕು. ಬಾಯಿಯೇ ಲೇಸು.

ಕುಡಿತಿನಿಯಲ್ಲಿ ಬೂದಿಗುಡ್ಡದ ಹತ್ತಿರ ಮೊದಲ ನಿಲುಗಡೆ. ನವಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟು ಬೆಳೆದ ದಿಬ್ಬ ಅದು. ಅದೇ ಊರಲ್ಲಿ ಈಗ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ. ಸಾವಿರಾರು ವರ್ಷದ ಹಳೆಯ ಬೂದಿ, ಇವತ್ತಿನ ಬೂದಿ ಎರಡನ್ನೂ ಒಂದೇ ತಿರುವಿನಲ್ಲಿ ನಿಂತು ನೋಡಬಹುದು. ನಿಂತ ಜಾಗ ಮಾತ್ರ ತಪ್ಪಾಯಿತು. ರಸ್ತೆ ಬಿಟ್ಟು ಮಣ್ಣಿಗಿಳಿದವರಲ್ಲಿ ಐದು ಮಂದಿಗೆ ಒಟ್ಟಿಗೇ ಪಂಕ್ಚರ್. ಊರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಮುಳ್ಳು! ಈ ಮುಳ್ಳಿನ ಗುಣವೆಂದರೆ ತುದಿ ಟೈರಿನೊಳಗೇ ಮುರಿದು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಟ್ಯೂಬು ಬದಲಿಸಿ ಗಾಳಿ ತುಂಬಿ ಹೊರಟರೆ ಎರಡು ಕಿಲೋಮೀಟರಿಗೆ ಮತ್ತೆ ಗಾಳಿ ಹೋಗುತ್ತದೆ.

ದಾರಿ ಇದು. ಟ್ಯೂಬು ತೆಗೆಯುವ ಮೊದಲು ವಾಲ್ವಿನ ಎದುರಿಗೆ ಟೈರಿನ ಮೇಲಿನ ಅಕ್ಷರ ಯಾವುದು ಬರುತ್ತದೆ ಎಂದು ನೋಡಿಟ್ಟುಕೊಳ್ಳಿ. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ. ವಾಲ್ವಿನಿಂದ ತೂತು ಎಷ್ಟು ದೂರವೋ ಟೈರಿನಲ್ಲಿ ಅಷ್ಟೇ ದೂರದಲ್ಲಿ ಮುಳ್ಳಿರುತ್ತದೆ. ಬೆರಳು ಸವರಿದರೆ ಬೆರಳಿಗೇ ಚುಚ್ಚುತ್ತದೆ, ಹಳೆಯ ಬನಿಯನ್ ಬಟ್ಟೆ ಅಥವಾ ಹತ್ತಿ ಸವರಿ. ದಾರ ಸಿಕ್ಕಿದ ಕಡೆ ಮುಳ್ಳು. ಒಳಗಿನಿಂದ ಚಿಮಟಿಗೆಯಲ್ಲಿ ಹೊರಗೆ ತಳ್ಳಬೇಕು. ಒಬ್ಬೊಬ್ಬರಿಗೆ ಎರಡು ಟ್ಯೂಬು, ಆರು ಪ್ಯಾಚು ಇದ್ದರೆ ಬಳ್ಳಾರಿ ಸೀಮೆಗೆ ಸಾಕು. ಗಾಳಿಯ ವಿಷಯ (ಪಿಎಸ್‌ಐ ಎಂಬುದು ಒತ್ತಡದ ಅಳತೆ): 75 ಕೆಜಿ ತೂಕದವರಿಗೆ 28 ಮಿಲಿಮೀಟರ್ ಟೈರಿನಲ್ಲಿ 70 ಪಿಎಸ್‌ಐ ಆಸುಪಾಸು, 32ರಲ್ಲಿ 55ರಿಂದ 60. ನೂರು ಪಿಎಸ್‌ಐ ತುಂಬಿದರೆ ವೇಗ ಹೆಚ್ಚುತ್ತದೆ ಎಂಬ ಹಳೆಯ ನಂಬಿಕೆ ಈ ರಸ್ತೆಗೆ ಸಲ್ಲದು. ಗಾಲಿ ಕುಪ್ಪಳಿಸುತ್ತದೆ, ಕೈ ಜೋಮು ಹಿಡಿಯುತ್ತದೆ.

ತೋರಣಗಲ್ಲಿನಲ್ಲಿ ಒಗ್ಗರಣಿ, ಮಿರ್ಚಿ. ಮಂಡಾಳನ್ನು ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಒಗ್ಗರಣೆ ಕೊಟ್ಟು, ಮೇಲೆ ಪುಠಾಣಿ ಪುಡಿ ಉದುರಿಸಿ ಕೊಟ್ಟ ತಟ್ಟೆ. ಸವಾರರಿಗೆ ಇದು ಒಳ್ಳೆಯ ಆಹಾರ: ಹಗುರ, ಬೇಗ ಕರಗುತ್ತದೆ, ಉಪ್ಪಿದೆ. ಜೊತೆಗಿನ ಮಿರ್ಚಿ ಬಜ್ಜಿಯನ್ನು ಏರಿಗೆ ಮುಂಚೆ ಬಿಡುವುದು ಒಳ್ಳೆಯದು, ಎಣ್ಣೆಯ ತಿಂಡಿ ಹೊಟ್ಟೆಯಲ್ಲಿ ಎರಡು ತಾಸು ಕೂರುತ್ತದೆ. ಹೋಟೆಲಿನ ಅಮ್ಮ ಮಾತ್ರ ಒಪ್ಪಲಿಲ್ಲ. "ಮಿರ್ಚಿ ಇಲ್ದ ಒಗ್ಗರಣಿ ತಿಂತಾರೇನಪ್ಪ? ತಿನ್ರಿ, ಗುಡ್ಡ ಎಲ್ಲಿಗೂ ಓಡಿ ಹೋಗಂಗಿಲ್ಲ," ಅಂದು ತಟ್ಟೆಗೆ ಎರಡೆರಡು ಹಾಕಿಯೇಬಿಟ್ಟರು.

ಇಲ್ಲಿಂದ ಎಡಕ್ಕೆ ಸಂಡೂರು ರಸ್ತೆ. ಲಾರಿಗಳು ಶುರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮೊದಲು ಇದ್ದ ಸಾಲು ಈಗಿಲ್ಲ, ಆದರೂ ಅದಿರಿನ ಗಾಡಿಗಳು ನಿಂತಿಲ್ಲ. ಚಹಾಕ್ಕೆ ನಿಂತಿದ್ದ ಚಾಲಕರೊಬ್ಬರು ಹೇಳಿದ ಮಾತು ಗುಂಪಿನ ಎಲ್ಲರಿಗೂ ಕೇಳಿಸುವಂತೆ ಎರಡು ಸಲ ಹೇಳಿಸಿದೆವು. "ಅಣ್ಣಾ, ನನ್ನ ಕನ್ನಡಿ ನಿಮಗ ಕಂಡ್ರ ನೀವು ನನಗ ಕಾಣ್ತೀರಿ. ಕನ್ನಡಿ ಕಾಣ್ಲಿಲ್ಲ ಅಂದ್ರ ನೀವು ನನ್ನ ಲೆಕ್ಕದಾಗ ಇಲ್ಲ. ಎಡಗಡಿಯಿಂದ ನುಗ್ಗಬ್ಯಾಡ್ರಿ." ಲಾರಿ ಎಡಕ್ಕೆ ತಿರುಗುವಾಗ ಅದರ ಹಿಂಗಾಲಿ ಮುಂಗಾಲಿಗಿಂತ ಒಳಗೆ ಬರುತ್ತದೆ. ಎಡಬದಿಯಲ್ಲಿ ಸಿಕ್ಕ ಸೈಕಲ್ಲಿಗೆ ಸರಿಯಲು ಜಾಗವೇ ಉಳಿಯುವುದಿಲ್ಲ.

ತಾರಾನಗರದ ಹತ್ತಿರ ನಾರಿಹಳ್ಳದ ಅಣೆಕಟ್ಟು ತುಂಬಿತ್ತು. ಕೆಂಪು ಗುಡ್ಡ, ಮೇಲೆ ಮಳೆಯ ಹಸಿರು, ಕೆಳಗೆ ನೀರು. "ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ" ಎಂದು ಗಾಂಧೀಜಿ ಹೇಳಿದರೆಂಬ ಮಾತು ಊರವರ ಬಾಯಲ್ಲಿದೆ. ಈ ತಿರುವಿನಲ್ಲಿ ಸೈಕಲ್ ಇಳಿದು ನಿಂತವರಿಗೆ ಅದು ತಾನಾಗಿಯೇ ನೆನಪಾಗುತ್ತದೆ. ಮಧ್ಯಾಹ್ನಕ್ಕೆ ಸಂಡೂರು. ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು.

ಎರಡನೇ ದಿನ: ಕುಮಾರಸ್ವಾಮಿ ಬೆಟ್ಟ

ಬಾದಾಮಿ ಚಾಲುಕ್ಯರ, ರಾಷ್ಟ್ರಕೂಟರ ಕಾಲದ ಪಾರ್ವತಿ, ಕುಮಾರಸ್ವಾಮಿ ಗುಡಿಗಳಿರುವ ಬೆಟ್ಟ ಸಂಡೂರಿನಿಂದ ಹತ್ತು ಹನ್ನೆರಡು ಕಿಲೋಮೀಟರ್. ಕಿಲೋಮೀಟರ್ ಲೆಕ್ಕದಲ್ಲಿ ಇದು ನಾಲ್ಕು ದಿನಗಳಲ್ಲೇ ಚಿಕ್ಕ ದಿನ. ಕೆಲಸದ ಲೆಕ್ಕದಲ್ಲಿ ಇದೇ ದೊಡ್ಡದು.

ಏರಿನ ಲೆಕ್ಕ ಒಂದು ಸಲ ಮಾಡಿಬಿಡೋಣ. ನೂರು ಮೀಟರ್ ರಸ್ತೆ ಸಾಗಿದಾಗ ಎಂಟು ಮೀಟರ್ ಮೇಲೆ ಹೋದರೆ ಅದು 8 ಶೇಕಡಾ ಏರು. ಸವಾರರು, ಸೈಕಲ್, ನೀರು ಸೇರಿ 85 ಕೆಜಿ ಇದ್ದು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಇದನ್ನು ಹತ್ತಲು ಸುಮಾರು 160 ವಾಟ್ ಬೇಕು. ತಕ್ಕಮಟ್ಟಿಗೆ ಅಭ್ಯಾಸ ಇದ್ದವರಿಗೆ ಇದು ಸಾಧ್ಯವಾದದ್ದೇ. ಆದರೆ ಗೇರು ಸರಿಯಿಲ್ಲದಿದ್ದರೆ ಸಾಧ್ಯವಾದದ್ದೂ ಆಗುವುದಿಲ್ಲ. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28 ಹಲ್ಲು ಇರುವ ರೋಡ್ ಸೈಕಲ್ಲಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 8 ಕಿಲೋಮೀಟರ್ ಅಂದರೆ ನಿಮಿಷಕ್ಕೆ 133 ಮೀಟರ್, ಅಂದರೆ ನಿಮಿಷಕ್ಕೆ 52 ಸುತ್ತು. ಪ್ರತಿ ಸುತ್ತಿನಲ್ಲೂ ಮೊಣಕಾಲಿನ ಮೇಲೆ ಭಾರ. ಹಿಂದೆ 34 ಹಲ್ಲಿನ ಕ್ಯಾಸೆಟ್ ಹಾಕಿದರೆ ಅದೇ ವೇಗಕ್ಕೆ 63 ಸುತ್ತು. ಹನ್ನೊಂದು ಸುತ್ತಿನ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಒಂದು ತಾಸು ಹತ್ತಿದ ಮೇಲೆ ಮಂಡಿಗೆ ಗೊತ್ತಾಗುತ್ತದೆ.

ಆ ದಿನ ಕಣ್ಣಿಗೆ ಬಿದ್ದ ಒಂದು ಸಂಗತಿ ಹೇಳಲೇಬೇಕು. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್‌ಗಳು ಎಡಬಲಕ್ಕೆ ಓಲಾಡುತ್ತ ಹತ್ತುವಾಗ, ರಾಯಚೂರಿನಿಂದ ಬಂದಿದ್ದ ಕಾಲೇಜು ಹುಡುಗರಿಬ್ಬರು ಕಬ್ಬಿಣದ ಹಳೆಯ ಗೇರ್ ಸೈಕಲ್ಲಿನಲ್ಲಿ ಮಾತಾಡುತ್ತ ಹತ್ತಿದರು. ಅವರ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 24 ಹಲ್ಲು, ಹಿಂದೆ 28. ಒಂದು ಸುತ್ತಿಗೆ ಎರಡು ಮೀಟರಿಗಿಂತ ಕಡಿಮೆ. ನಾಲ್ಕೈದು ಕೆಜಿ ಹೆಚ್ಚು ತೂಕ ಹೊತ್ತೂ ಅವರಿಗೆ ಸುಲಭವಾದದ್ದು ಈ ಗೇರಿನಿಂದ. ಬೆಟ್ಟಕ್ಕೆ ಹೊರಡುವವರು ಸೈಕಲ್ ಹಗುರ ಮಾಡಲು ಖರ್ಚು ಮಾಡುವ ಮೊದಲು ದೊಡ್ಡ ಕ್ಯಾಸೆಟ್ಟಿಗೆ ಮಾಡಲಿ. ಒಂದು ಎಚ್ಚರಿಕೆ ಮಾತ್ರ: ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡೀರೇಲರ್ ಎಷ್ಟು ಹಲ್ಲಿನವರೆಗೆ ತಡೆಯುತ್ತದೆ ಎಂದು ನೋಡಿಯೇ ಕೊಳ್ಳಬೇಕು, ಚೈನಿನ ಉದ್ದವನ್ನೂ ಹೊಸ ಕ್ಯಾಸೆಟ್ಟಿಗೆ ತಕ್ಕಂತೆ ಹೆಚ್ಚಿಸಬೇಕು.

ಮೊದಲ ಹತ್ತು ನಿಮಿಷ ಎಲ್ಲರೂ ಜೋರು. ನೂರು ಜನ ಒಟ್ಟಿಗೆ ಹೊರಟರೆ ಇದು ತಪ್ಪದು. 1982ರಿಂದ ಫ್ರಾನ್ಸಿನ ಆಲ್ಪ್ಸ್‌ನಲ್ಲಿ ನಡೆಯುತ್ತಿರುವ ಲಾ ಮಾರ್ಮೊಟ್ ಸವಾರಿಯಲ್ಲಿ ಸಾವಿರಾರು ಹವ್ಯಾಸಿಗಳು 2,642 ಮೀಟರಿನ ಗ್ಯಾಲಿಬಿಯೆ ಘಾಟಿ ದಾಟಿ ಕೊನೆಗೆ ಆಲ್ಪ್ ದ್ಯುಯೆಜ್‌ನ 21 ತಿರುವು ಹತ್ತುತ್ತಾರೆ. ಅಲ್ಲಿಯೂ ಇಲ್ಲಿಯೂ ಪಾಠ ಒಂದೇ: ಏರಿನ ಮೊದಲ ಕಾಲು ಭಾಗದಲ್ಲಿ ಪೂರ್ತಿ ವಾಕ್ಯ ಮಾತಾಡಲು ಉಸಿರಿರಬೇಕು. ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ಗೇರ್ ಇಳಿಸಿ, ಅದೂ ಸಾಲದಿದ್ದರೆ ಇಳಿದು ನಿಲ್ಲಿ. ಗೇರನ್ನು ಏರು ಕಡಿದಾಗುವ ಮುಂಚೆಯೇ, ಕಾಲಿನ ಒತ್ತಡ ಅರೆಗಳಿಗೆ ಸಡಿಲಿಸಿ ಬದಲಿಸಬೇಕು. ಪೂರ್ತಿ ಭಾರ ಹಾಕಿ ತುಳಿಯುತ್ತಿರುವಾಗ ಬದಲಿಸಿದರೆ ಚೈನಿನ ಪಕ್ಕದ ಪಟ್ಟಿ ಬಾಗುತ್ತದೆ. ಆ ಬಾಗಿದ ಕೊಂಡಿ ಅವತ್ತೇ ಮುರಿಯುವುದಿಲ್ಲ, ಮಾರನೇ ದಿನ ಮುರಿಯುತ್ತದೆ.

ದಾರಿಯಲ್ಲಿ ನೀರಿನ ಜಾಗ ಎರಡು ಇಟ್ಟಿದ್ದರು. ಬಳ್ಳಾರಿ ಸೀಮೆಯ ಬಿಸಿಲಿಗೆ ತಾಸಿಗೆ ಮುಕ್ಕಾಲರಿಂದ ಒಂದು ಲೀಟರ್ ನೀರು ಬೇಕಾಗುತ್ತದೆ. ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಶುರುವಾಗುತ್ತದೆ. ಜನ ಅದನ್ನು ಬಿಸಿಲಿನ ಪೆಟ್ಟು ಅಂದುಕೊಂಡು ಇನ್ನಷ್ಟು ನೀರು ಕುಡಿಯುತ್ತಾರೆ. ಒಂದು ಲೀಟರಿಗೆ ಒಂದು ಪೊಟ್ಟಣದ ಓಆರ್‌ಎಸ್ ಅಳತೆಯನ್ನು ಬದಲಿಸಬಾರದು. ಅರ್ಧ ಲೀಟರ್ ಬಾಟಲಿಗೆ ಇಡೀ ಪೊಟ್ಟಣ ಹಾಕಿದ ಇಬ್ಬರಿಗೆ ಹೊಟ್ಟೆ ತೊಳೆಸಿತು. ಉಪ್ಪು ಹಾಕಿದ ನೀರು ಮಜ್ಜಿಗೆ, ಬೆಲ್ಲ, ಶೇಂಗಾ ಚಿಕ್ಕಿ, ಬಾಳೆಹಣ್ಣು ಇದ್ದರೆ ಅಂಗಡಿಯ ಜೆಲ್ಲು ಬೇಕಿಲ್ಲ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಶರ್ಕರಪಿಷ್ಟ, ತಾಸಿಗೆ ಒಂದೂವರೆ ಹಣ್ಣು ಸಾಕು.

ಮೇಲೆ ಗುಡಿಯ ಅಂಗಳದಲ್ಲಿ ಗಾಳಿ ತಣ್ಣಗೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಎದುರಿನ ಸಾಲು ತೋರಿಸಿದರು. ರಾಮಗಡದ ಗುಡ್ಡ ಅತ್ತ ಇದೆ. "ರಾಮಗಡದ ಮ್ಯಾಲ ಮೋಡ ಕುಂತ್ರ ತಾಸೊತ್ತಿನಾಗ ಮಳಿ. ಎದ್ದು ಹೋದ್ರ ಇಲ್ಲ. ಇವತ್ತು ಕುಂತಿಲ್ರಿ, ನಾಳಿಗಿ ಕೂಡ್ತದ." ಹಾಗೆಯೇ ಆಯಿತು.

ಇಳಿಜಾರಿನಲ್ಲಿ ನಡೆದದ್ದು ಈ ನಾಲ್ಕು ದಿನಗಳಲ್ಲಿ ನಿಜವಾಗಿ ಭಯ ಹುಟ್ಟಿಸಿದ್ದು. 85 ಕೆಜಿ ಭಾರ 300 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಮುಕ್ಕಾಲು ಲೀಟರ್ ನೀರನ್ನು ಕುದಿಸುವಷ್ಟು. ಅದರಲ್ಲಿ ಒಂದು ಪಾಲು ಗಾಳಿಗೆ, ಉಳಿದದ್ದು ಬ್ರೇಕಿಗೆ. ಹೆದರಿ ಇಡೀ ಇಳಿಜಾರು ಬ್ರೇಕ್ ಹಿಡಿದೇ ಇಳಿದರೆ ವೇಗ ಕಡಿಮೆ, ಗಾಳಿಯ ತಡೆಯೂ ಕಡಿಮೆ, ಶಾಖವೆಲ್ಲ ರಿಮ್ಮಿಗೇ. ಹಾಗೆ ಇಳಿದ ಕೊಪ್ಪಳದ ಸವಾರರೊಬ್ಬರ ಮುಂಗಾಲಿಯ ಟ್ಯೂಬು ಕೆಳಗಿನ ತಿರುವಿಗೆ ಸ್ವಲ್ಪ ಮುಂಚೆ ಪಟಾಕಿಯಂತೆ ಸಿಡಿಯಿತು. ವೇಗ ಕಡಿಮೆಯಿದ್ದದ್ದರಿಂದ ಮೊಣಕೈ ತರಚಿದ್ದಷ್ಟೇ. ರಿಮ್ ಮುಟ್ಟಿದ ಕೈ ಚುರ್ ಅಂದಿತು.

ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು. ನೇರ ರಸ್ತೆಯಲ್ಲಿ ಬಿಡಿ, ಗಾಳಿ ನಿಮ್ಮನ್ನು ತಡೆಯುತ್ತದೆ, ರಿಮ್ಮೂ ತಣ್ಣಗಾಗುತ್ತದೆ. ತಿರುವಿಗೆ ಮೂವತ್ತು ನಲವತ್ತು ಮೀಟರ್ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಹೊರಗಿನ ಕಾಲು ಕೆಳಗೆ, ಅದರ ಮೇಲೆ ಭಾರ, ಕಣ್ಣು ತಿರುವು ಮುಗಿಯುವ ಕಡೆ. ಸಂಡೂರಿನ ರಸ್ತೆಗಳಲ್ಲಿ ತಿರುವಿನ ಒಳಮೂಲೆಗೆ ಅದಿರಿನ ಸಣ್ಣ ಕಲ್ಲು ಬಂದು ಸೇರಿರುತ್ತದೆ. ಅಲ್ಲಿ ಬಾಗಿದರೆ ಗಾಲಿ ಜಾರುತ್ತದೆ, ಆದ್ದರಿಂದ ನಿಮ್ಮ ಬದಿಯ ಮಧ್ಯದಲ್ಲೇ ತಿರುಗಿ.

ಸಂಜೆ ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿದರೆ ಹಲವರದ್ದರಲ್ಲಿ ಬೆಳ್ಳಿಯಂತೆ ಮಿನುಗುವ ಚೂರುಗಳು. ಅದಿರಿನ ಹರಳು ರಬ್ಬರಿನೊಳಗೆ ಕೂತು ಅಲ್ಯೂಮಿನಿಯಂ ರಿಮ್ಮನ್ನು ಕೊರೆದು, ಆ ಪುಡಿಯೂ ಅಲ್ಲೇ ಸೇರಿಕೊಂಡಿರುತ್ತದೆ. ಪಿನ್ನಿನಿಂದ ಅವನ್ನು ಒಂದೊಂದಾಗಿ ಕಿತ್ತು, ಮೇಲ್ಮೈಯನ್ನು ಮರಳುಕಾಗದದಲ್ಲಿ ಹಗುರವಾಗಿ ಉಜ್ಜಬೇಕು. ಡಿಸ್ಕ್ ಬ್ರೇಕಿನವರು ಪ್ಯಾಡಿನ ಪದರ ಒಂದು ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿಯೇ ಮಲಗಲಿ. ರೆಸಿನ್ ಪ್ಯಾಡು ಒದ್ದೆ ಕೆಸರಿನಲ್ಲಿ ಬಹಳ ಬೇಗ ಸವೆಯುತ್ತದೆ, ಮಳೆಗೆ ಲೋಹದ ಪ್ಯಾಡು ಮೇಲು.

ರಾತ್ರಿ ಊಟಕ್ಕೆ ಬಂದ ಮನೆಯವರ ಹೆಗಲ ಚೀಲದಲ್ಲಿ ಲಂಬಾಣಿ ಕಸೂತಿ, ಸಣ್ಣ ಕನ್ನಡಿ ಕೂರಿಸಿದ ಕೆಂಪು ನೀಲಿ ಹೊಲಿಗೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಇಂಥ ಒಂದು ಚೀಲ ಜರ್ಸಿಯ ಹಿಂಜೇಬಿಗೆ ಮಡಚಿಕೊಂಡು ಹೋಗುವಷ್ಟು ಹಗುರ.

ಮೂರನೇ ದಿನ: ಮಳೆ, ಸಂಡೂರಿನಿಂದ ತುಂಗಭದ್ರಾ

ಬೆಳಗಿನ ಜಾವವೇ ಮೋಡ ರಾಮಗಡದ ಮೇಲೆ ಕೂತಿತ್ತು. ಆರೂವರೆಗೆ ಮಳೆ. ಹೊಸಪೇಟೆಗೆ ಸುಮಾರು ಮೂವತ್ತು ಕಿಲೋಮೀಟರ್, ಕಾಡು ಗುಡ್ಡದ ನಡುವೆ ಏರಿಳಿತದ ರಸ್ತೆ. ಒಣಗಿದ್ದಾಗ ಧೂಳಾಗಿದ್ದದ್ದು ಈಗ ಕುಂಕುಮ ಕಲಸಿದಂಥ ರಾಡಿ. ಮಡ್‌ಗಾರ್ಡ್ ಇಲ್ಲದವರ ಬೆನ್ನ ಮೇಲೆ ಕೆಂಪು ಗೆರೆ, ಹಿಂದಿನವರ ಮುಖಕ್ಕೆ ಅದೇ ಬಣ್ಣ. ಮಳೆಯಲ್ಲಿ ಗುಂಪಾಗಿ ಹೋಗುವುದಾದರೆ ಹಿಂಗಾಲಿಗೆ ಮಡ್‌ಗಾರ್ಡ್ ಹಾಕುವುದು ಹಿಂದೆ ಬರುವವರಿಗೆ ತೋರುವ ಮರ್ಯಾದೆ.

ಚೈನು ತುಂಡಾದದ್ದು ಇಲ್ಲಿ, ಒಂದು ಚಿಕ್ಕ ಏರಿನ ನೆತ್ತಿಗೆ ಹತ್ತು ಮೀಟರ್ ಇರುವಾಗ. ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಕಬ್ಬಿಣದ ಅದಿರು, ಅಂದರೆ ಹೆಮಟೈಟ್, ಸಾಕಷ್ಟು ಗಡುಸಾದ ಕಲ್ಲು. ಅದರ ನುಣ್ಣನೆಯ ಪುಡಿ ಗಟ್ಟಿ ಎಣ್ಣೆಯ ಜೊತೆ ಬೆರೆತರೆ ಸಾಣೆ ಹಿಡಿಯುವ ಗಂಜಿಯೇ ಆಗುತ್ತದೆ. ಹೊರಗಿನ ರೋಲರ್ ಹೊಳೆಯುತ್ತಿದ್ದರೂ ಒಳಗಿನ ಪಿನ್ನು ಸವೆಯುತ್ತಿರುತ್ತದೆ. ಆ ಸವಾರರು ಎರಡು ರಾತ್ರಿಯೂ ಚೈನನ್ನು ಒರೆಸದೆ ಮೇಲೆ ಮೇಲೆ ಎಣ್ಣೆ ಬಿಟ್ಟಿದ್ದರು, ಗಾಡಿಯ ಎಂಜಿನ್ ಆಯಿಲ್. ಕಾಳಜಿಯಿಂದಲೇ ಮಾಡಿದ್ದು, ಆದರೆ ಈ ನೆಲದಲ್ಲಿ ಅದೇ ಮುಳುವಾಯಿತು. ಮೊದಲು ಒಣಬಟ್ಟೆಯಲ್ಲಿ ಚೈನು ಹಿಡಿದು ಪೆಡಲನ್ನು ಹಿಂದಕ್ಕೆ ಮೂವತ್ತು ಸುತ್ತು ತಿರುಗಿಸಿ ಒರೆಸಬೇಕು. ಆಮೇಲೆ ಪ್ರತಿ ರೋಲರಿಗೆ ಒಂದೇ ತೊಟ್ಟು ತೆಳು ಎಣ್ಣೆ. ಐದು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಮತ್ತೆ ಒರೆಸಿ ತೆಗೆಯಬೇಕು. ಎಣ್ಣೆ ಬೇಕಾದದ್ದು ಒಳಗೆ, ಹೊರಗಲ್ಲ. ಒಣ ಧೂಳಿಗೆ ಮೇಣದ ಲೇಪ ಎಲ್ಲಕ್ಕಿಂತ ಉತ್ತಮ, ಧೂಳು ಅಂಟುವುದಿಲ್ಲ; ಆದರೆ ಮಳೆ ಬಿದ್ದರೆ ಬೇಗ ತೊಳೆದುಹೋಗುತ್ತದೆ, ಅದೇ ಸಂಜೆ ಮತ್ತೆ ಹಚ್ಚಬೇಕು.

ರಿಪೇರಿಗೆ ಹದಿನೈದು ನಿಮಿಷ. ಚೈನ್ ಟೂಲಿನಿಂದ ಮುರಿದ ಕೊಂಡಿಯ ಎರಡೂ ಬದಿ ಪಿನ್ ತಳ್ಳಿ ಕೆಟ್ಟ ಭಾಗ ತೆಗೆದು, ಎರಡೂ ತುದಿಯಲ್ಲಿ ಕಿರಿದಾದ ಒಳಕೊಂಡಿ ಉಳಿಯುವಂತೆ ಮಾಡಿ, ಎರಡು ತುದಿ ಬೆಸೆಯುವ ಜೋಡಣೆ ಕೊಂಡಿ, ಅಂದರೆ ಕ್ವಿಕ್ ಲಿಂಕ್ ಕೂಡಿಸಿದರು. ಅದನ್ನು ಮೇಲ್ಭಾಗದ ಚೈನಿಗೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿದರೆ ಟಕ್ ಎಂದು ಕೂರುತ್ತದೆ. ಕ್ವಿಕ್ ಲಿಂಕ್ ನಿಮ್ಮ ಚೈನಿನ ಗೇರು ಸಂಖ್ಯೆಯದ್ದೇ ಆಗಿರಬೇಕು. ಹತ್ತರದ್ದು ಹನ್ನೊಂದಕ್ಕೆ ಆಗದು. ಹೀಗೆ ಸಣ್ಣದಾದ ಚೈನಿನಲ್ಲಿ ಮುಂದಿನ ದೊಡ್ಡ ಚಕ್ರ, ಹಿಂದಿನ ದೊಡ್ಡ ಹಲ್ಲು ಒಟ್ಟಿಗೆ ಹಾಕಿದರೆ ಡೀರೇಲರ್ ಕಿತ್ತು ಬರುತ್ತದೆ. ಊರು ಮುಟ್ಟುವವರೆಗೆ ಮುಂದೆ ಚಿಕ್ಕದರಲ್ಲೇ ಇರಬೇಕು.

ಹೊಸಪೇಟೆಯಲ್ಲಿ ಬಿಸಿ ಚಹಾ, ಒದ್ದೆ ಕಾಲುಚೀಲದೊಳಗೆ ಮಡಚಿ ತುರುಕಿದ ಹಳೆಯ ಪತ್ರಿಕೆ. ಬೂಟಿನೊಳಗೂ ಕಾಗದ ತುಂಬಿ ತಾಸಿಗೊಮ್ಮೆ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಪ್ಯಾಡ್ ಇರುವ ಚಡ್ಡಿಯನ್ನು ಪ್ರತಿ ರಾತ್ರಿ ಸೋಪಿನಲ್ಲಿ ತೊಳೆದು ಹಿಂಡಿ, ಟವೆಲಿನಲ್ಲಿ ಸುತ್ತಿ ಮೇಲೆ ನಿಂತು ನೀರು ಹೀರಿಸಿ ಒಣಹಾಕಬೇಕು. ಅದರ ಒಳಗೆ ಬೇರೆ ಒಳಉಡುಪು ಬೇಡ, ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ. ನಾಲ್ಕು ದಿನದ ಸವಾರಿಯಲ್ಲಿ ಜನ ಸೀಟಿನಿಂದ ಏಳುವಂತೆ ಮಾಡುವುದು ಈ ಹುಣ್ಣು.

ಸಂಜೆ ಮಳೆ ಬಿಟ್ಟಿತು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಸಾಲು ನೋಡುತ್ತ ನಿಂತಾಗ ಮಾತು ತಾನಾಗಿಯೇ ಚೈನಿನ ಕಡೆ ತಿರುಗಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರು ನೀರು ಹರಿದುಹೋಗುವುದನ್ನು ನೋಡುತ್ತ ದಿನ ಎಣಿಸಿದರು. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ಹಲಗೆಗಳನ್ನು ಇಳಿಸಿ ತಡೆದರು. ಸಿಂಧನೂರಿನಿಂದ ಬಂದಿದ್ದ ಸವಾರರೊಬ್ಬರು ಹತ್ತೊಂಬತ್ತನೆಯದು ಯಾವುದೆಂದು ಎಣಿಸಿ ತೋರಿಸಿ, ಬಹಳ ಹೊತ್ತು ಅಲ್ಲೇ ನಿಂತಿದ್ದರು.

ನಾಲ್ಕನೇ ದಿನ: ಮುನಿರಾಬಾದ್, ಸಾಣಾಪುರ, ಆನೆಗೊಂದಿ, ಗಂಗಾವತಿ, ಕೊಪ್ಪಳ

ಹುಲಿಗಿಯ ಹುಲಿಗೆಮ್ಮನಿಗೆ ಕೈಮುಗಿದು ಹೊರಟರೆ ಆನೆಗೊಂದಿಯವರೆಗಿನ ರಸ್ತೆ ಈ ಪ್ರವಾಸದ ಬಹುಮಾನ. ಎಡಕ್ಕೂ ಬಲಕ್ಕೂ ಗುಂಡುಕಲ್ಲಿನ ಬೆಟ್ಟ, ನಡುವೆ ಭತ್ತದ ಗದ್ದೆ, ಕಾಲುವೆ. ಲಾರಿ ಕಡಿಮೆ. ಏರುಗಳು ಚಿಕ್ಕವು, ಇನ್ನೂರು ಮುನ್ನೂರು ಮೀಟರಿನವು, ಆದರೆ ಒಂದರ ಹಿಂದೆ ಒಂದು. ಇಂಥವನ್ನು ಎದ್ದು ನಿಂತು ತುಳಿದು ದಾಟುವ ಆಸೆ ಬರುತ್ತದೆ. ನಾಲ್ಕನೇ ದಿನದ ಕಾಲಿಗೆ ಕೂತು ಹಗುರ ಗೇರಿನಲ್ಲಿ ಹೋಗುವುದೇ ಸರಿ. ಎದ್ದು ತುಳಿದವರಲ್ಲಿ ಮೂವರಿಗೆ ಮೀನಖಂಡ ಹಿಡಿಯಿತು. ಹಿಡಿದಾಗ ಕಾಲು ಚಾಚಿ ಪಾದವನ್ನು ಮೆಲ್ಲಗೆ ತನ್ನ ಕಡೆ ಎಳೆದು ಅರ್ಧ ನಿಮಿಷ ಹಿಡಿಯಬೇಕು.

ಸಾಣಾಪುರದ ಕೆರೆಯಲ್ಲಿ ಹರಿಗೋಲು ನಡೆಸುವವರು ನಮ್ಮ ಕೆಂಪಾದ ಸೈಕಲ್‌ಗಳನ್ನು ನೋಡಿ, "ಸಂಡೂರಿಂದ ಬಂದ್ರೇನ್ರಿ?" ಎಂದು ಕೇಳಿದರು. ಬಣ್ಣವೇ ವಿಳಾಸ ಹೇಳಿತ್ತು. ಹರಿಗೋಲಿನ ಅಡಿಗೆ ಟಾರು ಬಳಿದು ಒಣಗಿಸುತ್ತಿದ್ದ ಅವರು ಕೊಟ್ಟ ತಂಬಿಗೆ ನೀರು ಕುಡಿದು ಹೊರಟೆವು. ಅಂಜನಾದ್ರಿಯ ಮೆಟ್ಟಿಲು ಹತ್ತುವ ಆಸೆ ಕೆಲವರಿಗಿತ್ತು. 575 ಮೆಟ್ಟಿಲು, ಅಡಿಯಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಇರುವ ಬೂಟಿನಲ್ಲಿ ಸುಲಭವಲ್ಲ, ಸವಾರಿಯ ನಡುವೆ ಬೇಡವೆಂದು ಮುಂದಾಳುಗಳು ತಡೆದರು. ಮೆಟ್ಟಿಲು ಇಳಿಯುವಾಗ ತೊಡೆಯ ಸ್ನಾಯುವಿಗೆ ಬೀಳುವ ಪೆಟ್ಟು ಪೆಡಲ್ ತುಳಿತದಲ್ಲಿ ಅಭ್ಯಾಸವಾದದ್ದಲ್ಲ. ಅಂಜನಾದ್ರಿಗೆ ಬೇರೆಯೇ ದಿನ ಇಟ್ಟುಕೊಳ್ಳಬೇಕು.

ಗಂಗಾವತಿಗೆ ಸ್ವಲ್ಪ ಮುಂಚೆ ಒಂದು ಹಿಂಗಾಲಿಯ ಕಡ್ಡಿ ಮುರಿಯಿತು. ಮುರಿಯುವುದು ಹೆಚ್ಚಾಗಿ ಕ್ಯಾಸೆಟ್ ಬದಿಯದ್ದೇ, ಎಳೆತ ಅಲ್ಲೇ ಜಾಸ್ತಿ. ಪೂರ್ತಿ ರಿಪೇರಿಗೆ ಕ್ಯಾಸೆಟ್ ಬಿಚ್ಚಬೇಕು, ರಸ್ತೆಯಲ್ಲಿ ಆಗದು. ಊರಿನ ಹಳೆಯ ಸೈಕಲ್ ಶಾಪಿನ ಮಿಸ್ತ್ರಿ ಹತ್ತು ನಿಮಿಷದಲ್ಲಿ ದಾರಿ ಮಾಡಿಕೊಟ್ಟರು. "ಕಡ್ಡಿ ಮುರದ್ರ ಚಿಂತಿಲ್ಲ ತಮ್ಮಾ. ಮುರದ ಕಡ್ಡಿ ಎಳೀತಿದ್ದ ಕಡಿಯಿಂದ ರಿಮ್ಮು ಎದುರು ಮಗ್ಗಲಿಗೆ ಸರದಿರತದ. ಎದುರು ಮಗ್ಗಲದ್ದು ಎರಡು ಸಡ್ಲ ಬಿಡು, ತಾನ ನಡುವಕ್ಕ ಬರತದ." ಅಂದರೆ ಮುರಿದ ಕಡ್ಡಿಯ ಅಕ್ಕಪಕ್ಕದಲ್ಲಿರುವ, ಎದುರು ಬದಿಗೆ ಹೋಗುವ ಎರಡು ಕಡ್ಡಿಗಳ ನಿಪ್ಪಲನ್ನು (ರಿಮ್ಮಿನ ಬಳಿಯ ತಿರುಪು) ಅರ್ಧರ್ಧ ಸುತ್ತು ಸಡಿಲಿಸಿ, ಗಾಲಿ ತಿರುಗಿಸಿ ನೋಡುತ್ತ ಸರಿಪಡಿಸುವುದು. ರಿಮ್ ಬ್ರೇಕ್ ಇದ್ದರೆ ಅದರ ತಂತಿಯನ್ನೂ ಸ್ವಲ್ಪ ಬಿಡಬೇಕು. ಮುರಿದ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ ಟೇಪ್ ಅಂಟಿಸಿದರು. ಹಣ ಕೊಡಲು ಹೋದರೆ ಬೇಡವೆಂದು, ಹಿಂಗಾಲಿಯ ನಡುಗುಂಬವನ್ನು (ಹಬ್) ಕಿವಿಗೆ ಹಿಡಿದು ತಿರುಗಿಸಿ ಕೇಳಿದರು. "ಬೇರಿಂಗಿನ್ಯಾಗ ಮಣ್ಣು ಹೊಕ್ಕದ. ಊರಿಗೆ ಹೋಗಿ ಪೈಪು ಹಿಡ್ದು ನೀರ ಹೊಡೀಬ್ಯಾಡ್ರಿ. ಇನ್ನಾ ಒಳಗ ಹೋಗ್ತದ."

ಗಂಗಾವತಿಯಿಂದ ಕೊಪ್ಪಳದ ರಸ್ತೆ ಬಿಸಿಲಿನದ್ದು, ಪಶ್ಚಿಮಕ್ಕೆ, ಮತ್ತೆ ಎದುರುಗಾಳಿ. ಇಲ್ಲಿ ಮೊದಲ ದಿನ ಹರಿದುಹೋದ ಗುಂಪುಗಳೇ ಒಂದೂ ಮಾತಿಲ್ಲದೆ ಎರಡೆರಡು ನಿಮಿಷಕ್ಕೆ ಸರದಿ ಬದಲಿಸಿಕೊಂಡು ಸಾಲಾಗಿ ಹೋದವು. ಹಿಂದುಳಿದ ಆರು ಮಂದಿಯ ಜೊತೆ ಕೊನೆಯ ಗಾಡಿ ನಿಧಾನಕ್ಕೆ ಬಂತು. ಅದರಲ್ಲಿ ಹತ್ತಿದವರು ಇಬ್ಬರು, ಇಬ್ಬರೂ ಮಂಡಿನೋವಿನವರು. ಒಬ್ಬರ ಸೀಟು ಅಳೆದು ನೋಡಿದರೆ ಎರಡು ಸೆಂಟಿಮೀಟರ್ ತಗ್ಗಾಗಿತ್ತು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೇರವಾಗಬೇಕು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಆಗ ಮಂಡಿ ಬೇಕಾದಷ್ಟೇ ಬಾಗುತ್ತದೆ.

ಅಶೋಕನ ಶಾಸನವಿರುವ ಗವಿಮಠದ ಬೆಟ್ಟ ಕಾಣುತ್ತಿದ್ದಂತೆ ಕೊಪ್ಪಳ. ಒಂದು ಛತ್ರದ ಅಂಗಳದಲ್ಲಿ ಶೇಂಗಾ ಹೋಳಿಗೆ, ತುಪ್ಪ, ಬಿಸಿ ಅನ್ನ, ಸಾರು. ಊಟಕ್ಕೆ ಮೊದಲು ಬಕೆಟ್ ನೀರು, ಸ್ಪಂಜು ಹಿಡಿದು ಎಲ್ಲರೂ ಸೈಕಲ್ ತೊಳೆದರು, ಪೈಪು ಯಾರೂ ಮುಟ್ಟಲಿಲ್ಲ. ಅಂಗಳದ ಮೋರಿಯಲ್ಲಿ ಕೆಂಪು ನೀರು ಹರಿಯಿತು. ಬಳ್ಳಾರಿಯಲ್ಲಿ ಮೇಜಿನ ಮೇಲಿದ್ದ ಅದೇ ಅಡಿಪಟ್ಟಿ ಮತ್ತೆ ಹೊರಬಂತು. ಮೊದಲ ಸಂಜೆ ಹೊಸದಾಗಿ ಹಾಕಿದ ಹನ್ನೊಂದು ಚೈನುಗಳಲ್ಲಿ, ಪ್ರತಿ ರಾತ್ರಿ ಒರೆಸಿದ ಒಂಬತ್ತು ಇನ್ನೂ ಹನ್ನೆರಡು ಅಂಗುಲದ ಗೆರೆಯ ಮೇಲೇ ನಿಂತಿದ್ದವು. ಉಳಿದೆರಡು ಆಗಲೇ ಗೆರೆಯಿಂದ ಆಚೆಗೆ ಸರಿದಿದ್ದವು.